ಹೊದಿಗೆರೆಯ ಕಲ್ಲು, ಕುಪ್ಪಳಿಯ ಬಂಡೆ

ನಮ್ಮ ತಾತನ ಸಮಾಧಿ ಎಲ್ಲಿದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಭದ್ರಾವತಿಯ ಅಂಚಿನ ರುದ್ರಭೂಮಿಯಲ್ಲಿದೆ ಅನ್ನೋದಷ್ಟೇ ಗೊತ್ತು. ಹುಣಸೆಮರದ ಪಕ್ಕ ಅಂತ ಅಜ್ಜಿ ಹೇಳ್ತಿದ್ದರು. ಈಗ ಹುಣಸೆಮರವೂ ಇಲ್ಲ, ಅಜ್ಜಿಯೂ ಇಲ್ಲ. ಮಹಾಲಯ ಅಮಾವಾಸ್ಯೆಗೆ ಫೋಟೊ ಮುಂದೆ ಎಡೆ ಇಡ್ತೀವಿ, ತಾತನಿಗೆ ಇಷ್ಟ ಅಂತ ಒಂದು ಕಟ್ಟು ಬೀಡಿ ಕೂಡ ಇಡ್ತೀವಿ. ಜಾಗದ ಮಾತು ಬಂದರೆ ಅಪ್ಪ ಪೇಪರ್ ಎತ್ಕೋತಾರೆ.

ಈ ಸಲ ಊರಿಗೆ ಹೋದಾಗ ಮೂರು ದಿನ ರಜೆ ಇತ್ತು. ತಮ್ಮ ಜೋಗಕ್ಕೆ ಹೋಗೋಣ ಅಂದ. ನಾನು ಅವನನ್ನ ಕಾರಿಗೆ ಹತ್ತಿಸಿಕೊಂಡು ಸಮಾಧಿ ನೋಡೋಕೆ ಹೊರಟೆ. ಪುಸ್ತಕ, ಸಿನಿಮಾ, ಹೋಟೆಲ್ಲಿನ ದೋಸೆ ಎಲ್ಲಕ್ಕೂ ವಿಮರ್ಶೆ ಬರೆಯುವ ಕಾಲದಲ್ಲಿ ಸಮಾಧಿಗೆ ಯಾಕೆ ಬರೆಯಬಾರದು? ಸತ್ತವರ ಬಗ್ಗೆ ಬದುಕಿರುವವರು ಬರೆದು ಇಟ್ಟ ಬರಹ ತಾನೇ ಅದು. ಯಾವ ಮಾತು ಆರಿಸಿದರು, ಯಾವುದನ್ನ ಬಿಟ್ಟರು, ಎಷ್ಟು ದೊಡ್ಡ ಅಕ್ಷರ, ಖರ್ಚು ಯಾರದು ಎಂಬುದೆಲ್ಲ ಅಲ್ಲಿ ಕಾಣುತ್ತದೆ.

ಮೊದಲು ಹೊದಿಗೆರೆ. ಭದ್ರಾವತಿಯಿಂದ ಚನ್ನಗಿರಿಗೆ ಹೋಗಿ, ಅಲ್ಲಿ ಟೀ ಕುಡಿದು, ದಾರಿ ಕೇಳಿಕೊಂಡು ಹೋಗಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯದೇ ಆಗಿತ್ತು. ಹಾಗಾಗಿ ನಮ್ಮ ಕಡೆಯ ಸಮಾಧಿ ಅಂತಲೇ ಲೆಕ್ಕ ಹಾಕಿಕೊಂಡೆ. 1664ರ ಜನವರಿಯಲ್ಲಿ ಬೇಟೆಗೆ ಹೊರಟಿದ್ದ ಶಹಾಜಿ ಭೋಂಸ್ಲೆ ಕುದುರೆಯಿಂದ ಬಿದ್ದು ಸತ್ತದ್ದು ಇಲ್ಲಿ. ಗುಮ್ಮಟ ಇಲ್ಲ, ಮಿನಾರು ಇಲ್ಲ, ಸಾದಾ ಕಲ್ಲಿನ ಸಮಾಧಿ. ಅವನ ಯಜಮಾನ, ವಿಜಯಪುರದ ಮಹಮ್ಮದ್ ಆದಿಲ್ ಶಾ, ಎಂಟು ವರ್ಷ ಮೊದಲು 1656ರಲ್ಲಿ ತೀರಿಕೊಂಡಿದ್ದ. ಅವನಿಗೆ ಗೋಳಗುಮ್ಮಟ. ಆ ಗುಮ್ಮಟದ ಹೊರಗಿನ ವ್ಯಾಸವೇ ಸುಮಾರು 44 ಮೀಟರು. ಯಜಮಾನ ತನ್ನ ಸಮಾಧಿಯನ್ನ ಬದುಕಿದ್ದಾಗಲೇ ಕಟ್ಟಿಸಲು ಶುರು ಮಾಡಿದ್ದ. ಕೆಲಸಕ್ಕಿದ್ದವನು ಸಾವು ಬಂದ ಜಾಗದಲ್ಲೇ ಮಲಗಿದ. ಈ ಸಾದಾತನ ನನಗೆ ಇಷ್ಟ ಆಯ್ತು. ಬಯಲಿನಲ್ಲಿ, ಅಡಿಕೆ ಸೀಮೆಯ ಬಿಸಿಲಿನಲ್ಲಿ, ಅಂಥ ದೊಡ್ಡ ಹೆಸರಿನವನ ಅಷ್ಟು ಸಣ್ಣ ಕಲ್ಲು. ಕಲ್ಲಿನ ಮೇಲೆ ನನಗೆ ಯಾವ ದೂರೂ ಇಲ್ಲ.

ದೂರು ಇರುವುದು ಅವನ ಬಗ್ಗೆ ನಾವು ಆಡುವ ಮಾತಿನ ಮೇಲೆ. ಯಾರನ್ನ ಕೇಳಿದರೂ ‘ಶಿವಾಜಿ ತಂದೆ ಸಮಾಧಿ’ ಅಂತಾರೆ. ತಮ್ಮನಿಗೂ ಅಷ್ಟೇ ಗೊತ್ತಿತ್ತು. ಮಗನಿಂದ ಅಪ್ಪನಿಗೆ ಹೆಸರು ಬರೋದು ಒಳ್ಳೆಯದೇ, ಆದರೆ ಇಲ್ಲಿ ಮಲಗಿದವನ ಕೊನೆಯ ಇಪ್ಪತ್ತೈದು ವರ್ಷ ಹೆಚ್ಚುಕಮ್ಮಿ ಪೂರ್ತಿ ಕನ್ನಡ ನಾಡು ಮತ್ತು ಅದರ ಕೆಳಗಿನ ತಮಿಳು ಸೀಮೆಯಲ್ಲೇ ಕಳೆದದ್ದು. ಅದನ್ನ ‘ತಂದೆ’ ಅನ್ನೋ ಒಂದು ಪದ ಮುಚ್ಚಿಹಾಕುತ್ತದೆ.

1637ರ ಕೊನೆಯಲ್ಲಿ ಆದಿಲ್ ಶಾಹಿ ಸೇನಾಪತಿ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ಬಂದು ಕೊಳ್ಳೆ ಹೊಡೆದ. ಆಗ ಕೆಳದಿಯ ಅರಸ ವೀರಭದ್ರ ನಾಯಕ. ಆ ಏಟಿಗೆ ರಾಜಧಾನಿಯೇ ಇಕ್ಕೇರಿ ಬಿಟ್ಟು ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಯಿತು. ಮರುವರ್ಷ ಬೆಂಗಳೂರು ಕೆಂಪೇಗೌಡರ ವಂಶದ ಕೈ ತಪ್ಪಿತು. ಈ ದಕ್ಷಿಣ ದಂಡಯಾತ್ರೆಗಳಲ್ಲಿ ಖಾನನ ನಂತರದ ದೊಡ್ಡ ಹೆಸರು ಶಹಾಜಿಯದು. ಗೆದ್ದ ಮೇಲೆ ಬೆಂಗಳೂರನ್ನೇ ಅವನಿಗೆ ಜಹಗೀರಾಗಿ ಕೊಟ್ಟರು. ಹೆಡ್ ಆಫೀಸು ವಿಜಯಪುರ, ಪೋಸ್ಟಿಂಗು ಬೆಂಗಳೂರು. ಹೊರಗಿನಿಂದ ಬಂದು ಬೆಂಗಳೂರಿನಲ್ಲಿ ಸೆಟ್ಲ್ ಆದವರ ಪಟ್ಟಿಯಲ್ಲಿ ನಮಗಿಂತ ಮುನ್ನೂರ ಎಂಬತ್ತು ವರ್ಷ ಸೀನಿಯರ್. 1648ರಲ್ಲಿ ಅದೇ ಹೆಡ್ ಆಫೀಸು ಅವನನ್ನ ಜಿಂಜಿ ಹತ್ತಿರ ಹಿಡಿದು ಜೈಲಿಗೆ ಹಾಕಿತು, ಆಮೇಲೆ ಬಿಟ್ಟು ಮತ್ತೆ ಕೆಲಸಕ್ಕೆ ಕರೆಯಿತು. ಜಯರಾಮ ಪಿಂಡ್ಯೆ ಎಂಬ ಕವಿ ಅವನ ಆಸ್ಥಾನದ ಮೇಲೆ ‘ರಾಧಾಮಾಧವವಿಲಾಸ ಚಂಪೂ’ ಬರೆದ. ಹಲವು ಭಾಷೆಯ ಪದ್ಯಗಳು ಒಟ್ಟಿಗೆ ಸಿಗುವ ಪುಸ್ತಕ ಅದು. ಆ ಕಾಲದ ಬೆಂಗಳೂರೂ ನಮ್ಮ ಬೆಂಗಳೂರಿನ ಹಾಗೇ ಗಿಜಿಗುಟ್ಟುತ್ತಿತ್ತು ಅಂತಾಯ್ತು.

ಇಷ್ಟಕ್ಕೇ ಕಥೆ ನಿಲ್ಲುವುದಿಲ್ಲ, ನನಗೆ ರೋಮಾಂಚನ ಆಗೋದು ಮುಂದಿನ ಭಾಗದಲ್ಲಿ. ಶಹಾಜಿ ಸತ್ತ ಮರುವರ್ಷ, 1665ರಲ್ಲಿ, ಮಗ ಶಿವಾಜಿ ಹಡಗಿನಲ್ಲಿ ಬಂದು ಕೆಳದಿಯವರ ಶ್ರೀಮಂತ ಬಂದರು ಬಸರೂರನ್ನ ಲೂಟಿ ಮಾಡಿದ. ಅಪ್ಪ ಇಕ್ಕೇರಿಗೆ ಬಂದ ಪಡೆಯ ಕಡೆಯವನು, ಮಗ ಬಸರೂರಿಗೆ ಬಂದವನು. 1689ರಲ್ಲಿ ಸಂಭಾಜಿಯನ್ನ ಔರಂಗಜೇಬ ಕೊಲ್ಲಿಸಿದ ಮೇಲೆ, ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮ ಜೀವ ಉಳಿಸಿಕೊಂಡು ಜಿಂಜಿಗೆ ಓಡುವಾಗ ದಾರಿಯಲ್ಲಿ ಆಶ್ರಯ ಬೇಡಿದ್ದು ಅದೇ ಕೆಳದಿಯವರನ್ನ. ರಾಣಿ ಚೆನ್ನಮ್ಮಾಜಿ ಕೊಟ್ಟಳು. ಕೊಟ್ಟಿದ್ದಕ್ಕೆ ಮೊಗಲರ ಸೈನ್ಯ ಅವಳ ಮೇಲೆ ಬಂತು, ಅವಳು ಎದುರು ನಿಂತಳು. ಹೊದಿಗೆರೆಯಲ್ಲಿ ಮಲಗಿದವನ ಮೊಮ್ಮಗನನ್ನ ಉಳಿಸಿದ್ದು ಅವನ ಪಡೆ ಕೊಳ್ಳೆ ಹೊಡೆದ ಮನೆತನದ ಹೆಂಗಸು. ಚನ್ನಗಿರಿ ಅನ್ನೋ ಹೆಸರು ಬಂದದ್ದೇ ಆ ಚೆನ್ನಮ್ಮಾಜಿಯಿಂದ ಅಂತ ಜನ ಹೇಳ್ತಾರೆ. ಅಂದರೆ ಸಮಾಧಿಗೆ ದಾರಿ ಕೇಳೋಕೆ ನಾವು ಇಳಿದ ಊರಿನ ಹೆಸರಿನಲ್ಲೇ ಅರ್ಧ ಕಥೆ ಇತ್ತು.

ಇದನ್ನ ತಮ್ಮನಿಗೆ ಹೇಳಿದೆ. ‘ಹೌದಾ? ಮತ್ತೆ ಇದನ್ಯಾಕೆ ಯಾರೂ ಹೇಳಲ್ಲ?’ ಅಂದ. ಯಾಕೆಂದರೆ ಈ ಕಥೆ ಯಾರ ಕೈಗೂ ನೀಟಾಗಿ ಸಿಗೋದಿಲ್ಲ. ಮರಾಠಿ ಅಭಿಮಾನಕ್ಕೆ ಶಹಾಜಿ ಆದಿಲ್ ಶಾಹಿಯ ನೌಕರ ಆಗಿದ್ದದ್ದು ತೊಡಕು. ಕನ್ನಡದ ಅಭಿಮಾನಕ್ಕೆ ಅವನು ಬೆಂಗಳೂರನ್ನ ಆಳಿದ್ದು ತೊಡಕು. ಹಾಗಾಗಿ ಇಬ್ಬರೂ ‘ಶಿವಾಜಿ ತಂದೆ’ ಅಂದು ಮುಂದೆ ಹೋಗ್ತಾರೆ. ಸಂರಕ್ಷಿತ ಸ್ಮಾರಕಗಳ ಮುಂದಿನ ನೀಲಿ ಬೋರ್ಡನ್ನ ನೀವು ನೋಡಿರ್ತೀರಿ. 1958ರ ಕಾಯ್ದೆ, ಹಾಳು ಮಾಡಿದರೆ ಎರಡು ವರ್ಷ ಜೈಲು, ಒಂದು ಲಕ್ಷ ದಂಡ ಅಂತ ಬರೆದಿರುತ್ತೆ. ಕಲ್ಲು ಕೆಡಿಸಿದರೆ ಶಿಕ್ಷೆ ಇದೆ. ಕಥೆ ಕೆಡಿಸಿದರೆ ಯಾವ ದಂಡವೂ ಇಲ್ಲ.

ಎರಡನೇ ದಿನ ಶಿವಮೊಗ್ಗದ ಶಿವಪ್ಪನಾಯಕ ಅರಮನೆ. ಸಮಾಧಿ ನೋಡೋಕೆ ಅರಮನೆಗೆ ಯಾಕೆ ಅಂತ ಕೇಳಬಹುದು. ಅದರ ಅಂಗಳದಲ್ಲಿ ವೀರಗಲ್ಲುಗಳಿವೆ. ಸ್ಕೂಲ್ ಟ್ರಿಪ್ಪಿನಲ್ಲಿ ಬಂದಾಗ ನಾವು ಅವುಗಳಿಗೆ ಒರಗಿಕೊಂಡು ಚಿತ್ರಾನ್ನ ತಿಂದಿದ್ದೆವು. ಕಲ್ಲಿನ ಮೇಲೆ ಏನಿದೆ ಅಂತ ಆವತ್ತು ಯಾರೂ ಹೇಳಲಿಲ್ಲ.

ವೀರಗಲ್ಲನ್ನ ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಜಗಳ: ಕತ್ತಿ, ಬಿಲ್ಲು, ಎಷ್ಟೋ ಕಲ್ಲುಗಳಲ್ಲಿ ಹಸುಗಳ ಸಾಲು. ನಡುವೆ ಸತ್ತವನನ್ನ ಅಪ್ಸರೆಯರು ಎತ್ತಿಕೊಂಡು ಹೋಗ್ತಿರ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ. ಆಗ ಯಾರು ಆಳುತ್ತಿದ್ದರು, ಯಾವ ಊರು, ಇಂಥವನ ಮಗ ಇಂಥವನು ತುರು ಬಿಡಿಸಿಕೊಂಡು ಬರಲು ಹೋಗಿ ಸತ್ತ, ಈ ಕಲ್ಲನ್ನ ಇಂಥವರು ನಿಲ್ಲಿಸಿದರು. ವಿಶೇಷಣಗಳೆಲ್ಲ ರಾಜನ ಪಾಲಿಗೆ. ಸತ್ತವನಿಗೆ ಕ್ರಿಯಾಪದಗಳು, ಕಾದಿದ, ಮರಳಿ ತಂದ, ಬಿದ್ದ. ನನ್ನ ಲೆಕ್ಕದಲ್ಲಿ ಕನ್ನಡದ ಅತ್ಯುತ್ತಮ ಸಣ್ಣ ಗದ್ಯದ ಒಂದು ಪಾಲು ಇಲ್ಲಿದೆ. ಇನ್ನು ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಒಂದು ಕೈ ಮೇಲೆತ್ತಿರುತ್ತದೆ. ಗಂಡನ ಚಿತೆ ಹತ್ತಿದವಳ ಕೈ. ಎಷ್ಟೋ ಕಡೆ ಹೆಸರೂ ಇಲ್ಲ, ಬರೀ ಕೈ. ಅದರ ಮುಂದೆ ನಿಂತು ಕಲೆಯ ಬಗ್ಗೆ ಮಾತಾಡೋಕೆ ನನಗೆ ಬಾಯಿ ಬರಲಿಲ್ಲ.

ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನ ಊರೂರು ಲೆಕ್ಕದಲ್ಲಿ ಕೊಟ್ಟಿದ್ದಾನೆ. 1902 ಮತ್ತು 1904ರಲ್ಲಿ ಅಚ್ಚಾದವು. ಶಿಕಾರಿಪುರ, ಸೊರಬ ತಾಲ್ಲೂಕಿನ ಪುಟ ತೆಗೆದರೆ ಸಾಲು ಸಾಲು ವೀರಗಲ್ಲು. ಒಂದು ರಾತ್ರಿ ಅದನ್ನ ಓದುತ್ತಾ ಕೂತಿದ್ದೆ, ನಿದ್ದೆ ಬರಲಿಲ್ಲ. ಗೌಡನ ಮಗ ಇದ್ದಾನೆ, ಯಾರದೋ ಆಳು ಇದ್ದಾನೆ. ಎಂಟುನೂರು ವರ್ಷದ ಹಿಂದೆ ದನ ಕಾಯಲು ಹೋಗಿ ಸತ್ತವನ ಹೆಸರು, ಅಪ್ಪನ ಹೆಸರು, ಊರು ನಮಗೆ ಗೊತ್ತು. ಮೊನ್ನೆ ಮೊನ್ನೆ ಸತ್ತ ನನ್ನ ತಾತ ಎಲ್ಲಿದ್ದಾನೆ ಅಂತ ಗೊತ್ತಿಲ್ಲ.

ಆದರೂ ಮ್ಯೂಸಿಯಂ ಬಗ್ಗೆ ಒಂದು ತಕರಾರು ಇದೆ. ವೀರಗಲ್ಲಿನ ಅರ್ಧ ಅರ್ಥ ಅದು ನಿಂತ ಜಾಗದಲ್ಲಿರುತ್ತೆ. ಈ ಊರಬಾಗಿಲಲ್ಲಿ, ಈ ಕೆರೆ ಏರಿ ಹತ್ತಿರ, ಇವನು ಬಿದ್ದ ಅನ್ನೋದು ಅದರ ಮಾತು. ಅದನ್ನ ಕಿತ್ತು ತಂದು ಹುಲ್ಲುಹಾಸಿನ ಮೇಲೆ ಸಾಲಾಗಿ ನಿಲ್ಲಿಸಿದರೆ, ಹತ್ತು ಊರಿನ ಹತ್ತು ಸಾವು ಒಂದೇ ಕ್ಲಾಸಿನ ಗ್ರೂಪ್ ಫೋಟೊ ಥರ ಕಾಣುತ್ತೆ. ಹಾಗಂತ ಊರಲ್ಲೇ ಬಿಟ್ಟಿದ್ದರೆ ಬಟ್ಟೆ ಒಗೆಯುವ ಕಲ್ಲಾಗಿರುತ್ತಿತ್ತು, ಅದೂ ನಿಜ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಮ್ಮ ಮಾತಿನಲ್ಲಿ ಒಂದು ವಿಚಿತ್ರ ಗಮನಿಸಿ. ಸಾವಿಗೆ ಹೋಗಿಬರುವುದನ್ನ ನಾವು ‘ಮಣ್ಣಿಗೆ ಹೋಗಿದ್ವಿ’ ಅಂತೀವಿ. ಹೂಳುವುದಕ್ಕೆ ‘ಮಣ್ಣು ಮಾಡೋದು’. ಹೋದವರಿಗೂ ಸತ್ತವರಿಗೂ ಒಂದೇ ಮಣ್ಣು. ಆದರೆ ಆ ಮಣ್ಣಿನ ಮೇಲೆ ಏನು ಬರುತ್ತೆ ಅನ್ನೋದರಲ್ಲಿ ಮಾತ್ರ ಪದಗಳು ಬೇರೆ ಬೇರೆ. ಸ್ವಾಮಿಗಳಿಗೆ, ಅರಸರಿಗೆ ಗದ್ದುಗೆ. ಸಾಬರಿಗೆ ಗೋರಿ. ದೊಡ್ಡವರಿಗೆ ಸಮಾಧಿ, ಇನ್ನೂ ದೊಡ್ಡವರಿಗೆ ಸ್ಮಾರಕ. ಉಳಿದವರಿಗೆ ಬರೀ ‘ಅಲ್ಲೇ ಎಲ್ಲೋ’.

ಮೂರನೇ ದಿನ ತೀರ್ಥಹಳ್ಳಿ ದಾಟಿ ಕುಪ್ಪಳಿಗೆ ಹೋದೆವು. ಕವಿಮನೆ ನೋಡಿ, ಹಿಂದಿನ ಗುಡ್ಡ ಹತ್ತಿ ಕವಿಶೈಲಕ್ಕೆ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡ ಕುವೆಂಪು ಅವರನ್ನ ಇಲ್ಲಿಗೆ ತಂದರು. ಅವರು ಹುಡುಗನಾಗಿ ಕೂತು ಸಹ್ಯಾದ್ರಿ ನೋಡುತ್ತಿದ್ದ ಬಂಡೆಯ ಮೇಲೇ ಈಗ ಸಮಾಧಿ. ಸುತ್ತ ನಿಲ್ಲಿಸಿರುವ ದೊಡ್ಡ ದೊಡ್ಡ ಕಲ್ಲುಗಳ ವಿನ್ಯಾಸ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದು. ಬೃಹತ್ ಶಿಲಾಯುಗದ ಜನ ಸತ್ತವರಿಗೆ ನಿಲ್ಲಿಸುತ್ತಿದ್ದ ಬೃಹತ್ ಕಲ್ಲುಗಳ ಮಾದರಿ.

ನಾನು ನೋಡಿದ ಸಮಾಧಿಗಳಲ್ಲಿ ಇದಕ್ಕೆ ಸಮ ಯಾವುದೂ ಇಲ್ಲ. ಒಂದು ಕಂಚಿನ ಪ್ರತಿಮೆ ನಿಲ್ಲಿಸಬಹುದಿತ್ತು, ಮಂಟಪ ಕಟ್ಟಬಹುದಿತ್ತು. ಜ್ಞಾನಪೀಠ ಸಿಕ್ಕ ಮೊದಲ ಕನ್ನಡಿಗ, ರಾಷ್ಟ್ರಕವಿ. ಬಿರುದುಗಳಿಗೇನೂ ಕಮ್ಮಿ ಇರಲಿಲ್ಲ. ಅದನ್ನೆಲ್ಲ ಬಿಟ್ಟು, ಧರ್ಮ ಜಾತಿ ಭಾಷೆ ಯಾವುದನ್ನೂ ಹೇಳದ ಆಕಾರವನ್ನ ಆರಿಸಿಕೊಂಡದ್ದು ನಿಜವಾದ ವಿಮರ್ಶಕನ ಕೆಲಸ. ವಿಶ್ವಮಾನವ ಅಂತ ಭಾಷಣದಲ್ಲಿ ನೂರು ಸಲ ಕೇಳಿದ್ದೇವೆ. ಅದನ್ನ ಕಲ್ಲಿನಲ್ಲಿ ಹೇಳಿದರೆ ಹೇಗಿರುತ್ತೆ ಅಂತ ಇಲ್ಲಿ ಕಾಣುತ್ತೆ. ಪುರೋಹಿತಶಾಹಿಯನ್ನ ಜೀವನವಿಡೀ ಬೈದು, ಮಂತ್ರಮಾಂಗಲ್ಯದಂಥ ಸರಳ ಮದುವೆ ಕೊಟ್ಟವರಿಗೆ ಯಾವ ಮತದ ಗುರುತೂ ಇಲ್ಲದ ಸಮಾಧಿಯೇ ಸರಿ. 2007ರಲ್ಲಿ ಹೋದ ಮಗ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲೇ ಇದೆ, ಅದರ ಮುಂದೆ ಹುಡುಗರ ಗುಂಪು ಹೆಚ್ಚು. ತೇಜಸ್ವಿ ನೋಡಿದ್ದರೆ ಆ ಹುಡುಗರನ್ನ ‘ಹೋಗ್ರಯ್ಯಾ, ಕಾಡು ನೋಡ್ಹೋಗಿ’ ಅಂತ ಓಡಿಸ್ತಿದ್ದರೇನೋ.

ಇಲ್ಲೇ ಒಂದು ತಮಾಷೆ ಇದೆ. ಕವಿಶೈಲದ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಬಂದಿದ್ದಾಗ ಕೆತ್ತಿದ ಹೆಸರಿನ ಅಕ್ಷರಗಳಿವೆ. ಗುರುಗಳೂ ಶಿಷ್ಯನೂ ಪಿಕ್‌ನಿಕ್ಕಿಗೆ ಬಂದ ಹುಡುಗರ ಹಾಗೆ ಬಂಡೆ ಮೇಲೆ ಹೆಸರು ಕೊರೆದಿದ್ದಾರೆ! ಇವತ್ತು ನಾನು ಮೊಳೆ ತಗೊಂಡು ಅದರ ಪಕ್ಕ ಕೂತರೆ ವಾಚ್‌ಮನ್ ಬಿಡ್ತಾನಾ? ಅವರದು ಪರಂಪರೆ, ನಮ್ಮದು ಕಿಡಿಗೇಡಿತನ. ನಗು ಬಂತು, ಆದರೆ ಪ್ರಶ್ನೆ ಹೋಗಲಿಲ್ಲ. ಯಾರ ಹೆಸರು ಕಲ್ಲಿನ ಮೇಲೆ ಇರಬಹುದು?

ಕವಿಶೈಲದ ಮೇಲೆ ಬರೆದ ಪದ್ಯದಲ್ಲಿ ಕುವೆಂಪು ಗೆಳೆಯರಿಗೆ ಇಲ್ಲಿ ಮಾತಾಡಬೇಡಿ ಅಂತ ಕೇಳಿಕೊಂಡಿದ್ದಾರೆ. ನಾವು ಹೋದ ದಿನ ಭಾನುವಾರ. ಸಮಾಧಿಯ ಪಕ್ಕ ಒಂದು ಕಾಲೇಜಿನ ಗುಂಪು ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡಿತ್ತು. ಬೈಯೋಣ ಅನಿಸಿತು. ಆಮೇಲೆ ನೋಡಿದರೆ ಅದರಲ್ಲಿ ಬರ್ತಿದ್ದದ್ದು ಕುವೆಂಪು ಅವರದೇ ಭಾವಗೀತೆ. ಏನಂತ ಬೈಯೋದು? ಸುಮ್ಮನೆ ಆಚೆ ಬಂಡೆಗೆ ಹೋಗಿ ಕೂತೆವು.

ಅಲ್ಲಿ ಕೂತಾಗ ‘ಮಲೆಗಳಲ್ಲಿ ಮದುಮಗಳು’ ನೆನಪಾಯಿತು. ಆ ಕಾದಂಬರಿಯ ಬಾಗಿಲಲ್ಲೇ ಕುವೆಂಪು, ಯಾರು ಮುಖ್ಯ ಯಾರು ಅಮುಖ್ಯ ಅನ್ನುವ ಲೆಕ್ಕವನ್ನೇ ತಳ್ಳಿಹಾಕ್ತಾರೆ. ಒಳಗೆ ಹೋದರೆ ಗುತ್ತಿಯ ನಾಯಿ ಹುಲಿಯನಿಗೂ ಸಾಯುವಾಗ ಪೂರ್ತಿ ಮರ್ಯಾದೆ. ಅಂಥವರ ಸಮಾಧಿ ನೋಡೋಕೆ ನಾನು ಬಂದದ್ದು ಅವರು ‘ಮುಖ್ಯರು’ ಅಂತ! ಪ್ರಸಿದ್ಧರ ಸಮಾಧಿ ಅಂತ ಪಟ್ಟಿ ಮಾಡಿಕೊಂಡು, ಮೂರು ದಿನ ಪೆಟ್ರೋಲು ಸುಟ್ಟು, ಮನೆಯಿಂದ ಎರಡು ಕಿಲೋಮೀಟರ್ ದೂರದ ರುದ್ರಭೂಮಿಗೆ ಹೋಗದೆ ಇಲ್ಲಿ ಕೂತಿದ್ದೆ. ಮದುಮಗಳು ಓದಿದವನು ಮಾಡುವ ಕೆಲಸ ಅಲ್ಲ ಇದು. ಈ ಬರಹದಲ್ಲಿ ವಿಮರ್ಶೆಗೆ ಸಿಗಬೇಕಾದ ಒಬ್ಬ ಓದುಗ ಇದ್ದರೆ ಅದು ನಾನೇ.

ಸಂಜೆ ವಾಪಸ್ ಬರುವಾಗ ಭದ್ರಾವತಿಯ ಕಾರ್ಖಾನೆಯ ಹತ್ತಿರ ಕಾರು ನಿಧಾನ ಮಾಡಿದೆ. ಬೆಂಕಿಪುರ ಅಂತಿದ್ದ ಊರು ಭದ್ರಾವತಿ ಆಯ್ತು, ಅಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾಯ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಕಟ್ಟಿದ ಸರ್ ಎಂ.ವಿ. 1962ರಲ್ಲಿ ತೀರಿಕೊಂಡರು, ಅವರ ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿ. ಆ ಕಾರ್ಖಾನೆಗೆ ನೂರು ತುಂಬಿದ 2023ರಲ್ಲೇ, ಜನವರಿಯಲ್ಲಿ, ಅದನ್ನ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಪೇಪರಿನಲ್ಲಿ, ಭಾಷಣದಲ್ಲಿ ‘ಕಾರ್ಖಾನೆಗೆ ಸಮಾಧಿ ಕಟ್ಟಬೇಡಿ’ ಅನ್ನೋ ಮಾತು ಓಡಾಡಿತು. ಈ ರೂಪಕ ನನಗೆ ಒಗ್ಗಲಿಲ್ಲ. ಸಮಾಧಿ ಅನ್ನೋದು ಎಲ್ಲಾದರೂ ಇದ್ದರೆ ಅದು ಕಾರ್ಖಾನೆಯಲ್ಲಿ ದುಡಿದವರಿಗೆ ಬೇಕು. ತಮಿಳು, ತೆಲುಗು, ಉರ್ದು, ಮಲಯಾಳಿ, ಕನ್ನಡ ಎಲ್ಲ ಸೇರಿ ಈ ಊರನ್ನ ಊರು ಮಾಡಿದವರು ರುದ್ರಭೂಮಿಯಲ್ಲಿ, ಖಬರಸ್ತಾನದಲ್ಲಿ, ಚರ್ಚಿನ ಸಿಮೆಟರಿಯಲ್ಲಿ ಮೂರು ಪಾಲಾಗಿ ಮಲಗಿದ್ದಾರೆ. ಬದುಕಿದ್ದಾಗ ಒಂದೇ ಶಿಫ್ಟಿನ ಸೈರನ್ನಿಗೆ ಎದ್ದವರು.

ಮಾರನೇ ಬೆಳಿಗ್ಗೆ ಬೆಂಗಳೂರಿಗೆ ಹೊರಡುವ ಮುಂಚೆ ನಾನೂ ತಮ್ಮನೂ ರುದ್ರಭೂಮಿಗೆ ಹೋದೆವು. ಲಂಟಾನ ಮೊಣಕಾಲೆತ್ತರ ಬೆಳೆದಿತ್ತು. ಅಲ್ಲಲ್ಲಿ ಸಿಮೆಂಟಿನ ಕಟ್ಟೆ, ಟೈಲ್ಸ್ ಹಾಕಿಸಿದ ಹೊಸಬರು, ಪೇಂಟಿನಲ್ಲಿ ಬರೆದ ಹೆಸರು ಅರ್ಧ ಅಳಿಸಿದ ಹಳಬರು. ಒಂದರ ಮೇಲೆ ಹೆಸರಿನ ಕೆಳಗೆ ‘ಫಿಟ್ಟರ್’ ಅಂತ ಇತ್ತು. ಬೇರೆ ಏನೂ ಇಲ್ಲ, ಜನನ ಮರಣ ಕೂಡ ಇಲ್ಲ. ಮೂರು ದಿನದಲ್ಲಿ ನೋಡಿದ ಆಧುನಿಕ ಬರಹಗಳಲ್ಲಿ ವೀರಗಲ್ಲಿಗೆ ಹತ್ತಿರ ಬಂದದ್ದು ಅದೊಂದೇ. ತಮ್ಮ ಅದರ ಫೋಟೊ ತೆಗೆದ, ಆಮೇಲೆ ಏನನಿಸಿತೋ ಡಿಲೀಟ್ ಮಾಡಿದ.

ಮನೆಗೆ ಬಂದು ತಾತನಿಗೆ ಒಂದು ಕಲ್ಲು ಹಾಕಿಸೋಣ ಅಂದೆ. ಹೆಸರು, ಅವರಪ್ಪನ ಹೆಸರು, ಬಂದ ಊರು, ಮಾಡಿದ ಕೆಲಸ, ಟೋಕನ್ ನಂಬರ್. ಟೋಕನ್ ನಂಬರ್ ಅಪ್ಪನಿಗೆ ಬಾಯಿಪಾಠ ಇತ್ತು, ತಕ್ಷಣ ಹೇಳಿದರು. ನಮಗೆಲ್ಲ ಆಶ್ಚರ್ಯ. ಚಿಕ್ಕಪ್ಪ ಮಾತ್ರ ಕಾಫಿ ಲೋಟ ಕೆಳಗಿಟ್ಟು ಕೇಳಿದರು: ‘ಎಲ್ಲಾ ಸರಿ ಕಣೋ, ಕಲ್ಲು ನೆಡೋದು ಎಲ್ಲಿ?’

ಹುಣಸೆಮರ ಕಡಿದವರು ಯಾರು, ಅದರ ಬುಡ ಎಲ್ಲಿತ್ತು ಅಂತ ಈಗ ಅಪ್ಪ ಊರಲ್ಲಿ ಹಳಬರನ್ನ ಕೇಳಿಕೊಂಡು ಓಡಾಡ್ತಿದ್ದಾರೆ.